ಸಮವಸ್ತ್ರ ತೊಟ್ಟ ಮಗಳಿಗೆ

ಪ್ರೀತಿಯ ಮಗಳು ಸುಮಾಳಿಗೆ ಅಪ್ಪನ ಆಶೀರ್ವಾದಗಳು.

ಬೆಂಗಳೂರಿನ ಮಾಲ್‌ನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿ ನೀನು ಸೇರಿದ್ದು ನನಗೂ ನಿನ್ನ ಅಮ್ಮನಿಗೂ ಬಹಳ ಸಂತೋಷ ತಂದಿದೆ. ಕಳ್ಳರು ಸಿಕ್ಕಿಬಿದ್ದರೆ ಏನು ಮಾಡಬೇಕೆಂದು ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಅದು ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನೀನು ತೊಟ್ಟಿರುವ ಸಮವಸ್ತ್ರದಿಂದ ಯಾರನ್ನೂ ಬಂಧಿಸುವ ಅಧಿಕಾರ ಬರುವುದಿಲ್ಲ. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯು ಏಜೆನ್ಸಿಗೆ ಪರವಾನಗಿಯನ್ನೂ ಕಾವಲುಗಾರರಿಗೆ ತರಬೇತಿಯನ್ನೂ ಕಡ್ಡಾಯ ಮಾಡಿತೇ ಹೊರತು ಪೊಲೀಸರ ಅಧಿಕಾರವನ್ನು ಕೊಡಲಿಲ್ಲ. ನಿನಗಿರುವುದು ದಾರಿಹೋಕನಿಗೂ ಇರುವ ಅಧಿಕಾರ. ಬಂಧನ, ತನಿಖೆಗಳ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನ ಪ್ರಕಾರ, ಸಂಜ್ಞೇಯವೂ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು) ಜಾಮೀನುರಹಿತವೂ (ಜಾಮೀನು ಹಕ್ಕಾಗಿ ಸಿಗದಂಥದ್ದು) ಆದ ಅಪರಾಧವನ್ನು ನಿನ್ನ ಕಣ್ಣೆದುರಿಗೇ ಮಾಡಿದವರನ್ನು, ಇಲ್ಲವೇ ತಲೆಮರೆಸಿಕೊಂಡಿದ್ದಾನೆಂದು ನ್ಯಾಯಾಲಯ ಸಾರಿದ ಘೋಷಿತ ಅಪರಾಧಿಯನ್ನು ನೀನು ಹಿಡಿಯಬಹುದು. ಹಿಡಿದ ಮೇಲೆ ಅನಗತ್ಯವಾಗಿ ತಡಮಾಡದೆ, ಏನೇ ಆದರೂ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಲೇಬೇಕು. ಬಾಗಿಲಿನ ಅಲಾರಂ ಕೂಗಿತೆಂಬುದಾಗಲಿ, ಸೇಲ್ಸ್ ಹುಡುಗ ಬಂದು ಕಿವಿಯಲ್ಲಿ ಹೇಳಿದನೆಂಬುದಾಗಲಿ ಬರೀ ಅನುಮಾನ. ಅದು ಕಣ್ಣೆದುರಿನ ಅಪರಾಧವಾಗುವುದಿಲ್ಲ.

ಇನ್ನೊಂದು ತೊಡಕಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಮೊದಲ ಸಲ ತಪ್ಪಿತಸ್ಥರೆಂದು ತೀರ್ಮಾನವಾದವರು 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಹಿಂತಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಅಂಥ ಕಳವು ಅಸಂಜ್ಞೇಯ, ಜಾಮೀನು ಸಿಗುವಂಥದ್ದು. ಒಂದು ಲಿಪ್‌ಸ್ಟಿಕ್ಕಿಗಾಗಿ ಯಾರನ್ನೂ ಕೋಣೆಯಲ್ಲಿ ಕೂಡಿಹಾಕಬೇಡ. ಸಾಮಾನು ವಾಪಸು ಕೇಳಿ ಪಡೆ, 112ಕ್ಕೆ ಕರೆ ಮಾಡು.

ನಾನು ಪೊಲೀಸ್ ಠಾಣೆಯಲ್ಲಿ ಕೆಲಸದಲ್ಲಿದ್ದಾಗ ಒಂದು ರಾತ್ರಿ ಅಂಗಡಿಯೊಂದರ ಇಬ್ಬರು ಕಾವಲುಗಾರರು ಒಬ್ಬ ಹುಡುಗನನ್ನು ಎಳೆದುತಂದರು. ಗುರುತಿನ ಚೀಟಿಯ ದಾರದಿಂದ ಕೈ ಬಿಗಿದಿದ್ದರು. ಮಣಿಕಟ್ಟಿನ ಸುತ್ತ ನೀಲಿ ಗೆರೆ ಎದ್ದಿತ್ತು, ಒಂದು ಕೆನ್ನೆ ಊದಿತ್ತು. ಹಿಡಿದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಅಲ್ಲಿಯವರೆಗೆ ಅವನಿಗೆ ನೀರನ್ನೂ ಕೊಟ್ಟಿರಲಿಲ್ಲ, ಮನೆಗೂ ತಿಳಿಸಿರಲಿಲ್ಲ. ಅವನ ಜೇಬಿನಲ್ಲಿ ಸಿಕ್ಕಿದ್ದು ಎರಡು ಚಾಕೊಲೇಟ್. ಆಗಿನ ಕಾನೂನಿನಲ್ಲಿ ಆರು ಗಂಟೆಯ ಲೆಕ್ಕವಿರಲಿಲ್ಲ, ‘ಅನಗತ್ಯ ವಿಳಂಬವಿಲ್ಲದೆ’ ಎಂದಷ್ಟೇ ಇತ್ತು. ಆದರೂ ಹೊಡೆಯುವುದಕ್ಕೆ ಅನುಮತಿ ಅಂದೂ ಇರಲಿಲ್ಲ, ಇಂದೂ ಇಲ್ಲ. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅವನು ಕುಡಿದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಜೇಬನ್ನೂ ಬ್ಯಾಗನ್ನೂ ನೀನು ಬಲವಂತವಾಗಿ ತಡಕಬಾರದು. ಖಾಸಗಿಯವರು ಹಿಡಿದವರನ್ನು ಶೋಧಿಸುವ ಅಧಿಕಾರ, ಅವರನ್ನು ಒಪ್ಪಿಸಿಕೊಂಡ ಪೊಲೀಸ್ ಅಧಿಕಾರಿಯದು. ಹೆಂಗಸರನ್ನು ಅಲ್ಲಿಯೂ ಹೆಂಗಸರೇ ಮರ್ಯಾದೆಯಿಂದ ಶೋಧಿಸಬೇಕು. ತಪ್ಪೊಪ್ಪಿಗೆ ಪತ್ರ ಬರೆಸಿಕೊಂಡು ಹತ್ತು ಪಟ್ಟು ‘ದಂಡ’ ವಸೂಲು ಮಾಡುವ ಅಭ್ಯಾಸ ಕೆಲವು ಅಂಗಡಿಗಳಲ್ಲಿದೆ. ನಿನ್ನ ಮ್ಯಾನೇಜರ್ ಹೇಳಿದರೂ ಅದಕ್ಕೆ ಒಪ್ಪಬೇಡ, ಏಕೆಂದರೆ ಹೆದರಿಸಿ ಹಣ ಕೀಳುವುದು ಸುಲಿಗೆಯಾಗುತ್ತದೆ. ಕಾರಣವಿಲ್ಲದೆ ಕೂಡಿಹಾಕಿದರೆ ಅಕ್ರಮ ಬಂಧನದ ಕೇಸು ನಿನ್ನ ಹೆಸರಿನ ಮೇಲೆಯೇ ಬೀಳಬಹುದು, ಮ್ಯಾನೇಜರ್ ಜೊತೆಗೆ ನಿಲ್ಲುತ್ತಾರೆಂದು ನಂಬಿ ಕೂರಬೇಡ.

ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ಕೊಂಡುಕೋ. ಹಿಡಿದ ಹೊತ್ತು, ಪೊಲೀಸರಿಗೆ ಕರೆ ಮಾಡಿದ ಹೊತ್ತು, ಒಪ್ಪಿಸಿದ ಹೊತ್ತು, ನೀರು ಕೊಟ್ಟದ್ದು, ಜೊತೆಗಿದ್ದವರ ಹೆಸರು, ಎಲ್ಲವನ್ನೂ ಆಗಿಂದಾಗಲೇ ಬರೆದಿಡು. ದಸರೆಗೆ ಬರುವಾಗ ಆ ಪುಸ್ತಕವನ್ನು ತಂದು ನನಗೆ ತೋರಿಸು.

ಇಂತಿ,
ನಿನ್ನ ಅಪ್ಪ