ಪೋಷಕರಿಗೆ ಪತ್ರ: ನಮ್ಮ ವೇದಿಕೆಯಲ್ಲಿ ಇನ್ನು ಜಡ್ಜ್ ಮೇಜು ಇರುವುದಿಲ್ಲ

ಪ್ರೀತಿಯ ಪೋಷಕರೇ,

ನಮಸ್ಕಾರ.

ಶಾಲೆಯ ವೇದಿಕೆಯಿಂದ ಜಡ್ಜ್ ಮೇಜು ತೆಗೆಯುತ್ತೇವೆ ಅಂದದ್ದಕ್ಕೆ ಕಳೆದ ಎರಡು ವಾರಗಳಲ್ಲಿ ನಿಮ್ಮಲ್ಲಿ ಹಲವರು ಫೋನ್ ಮಾಡಿದ್ದೀರಿ. ಕೆಲವರು ಆಫೀಸಿಗೇ ಬಂದು ಮಾತಾಡಿದ್ದೀರಿ. ಮೂರು ಮನೆಗಳಿಂದ ಬರೆದುಕೊಟ್ಟ ದೂರೂ ಬಂದಿದೆ. ಒಬ್ಬೊಬ್ಬರಿಗೆ ಒಂದೊಂದು ಥರ ಹೇಳಿ ಗೊಂದಲ ಆಗುವುದು ಬೇಡ ಅಂತ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ಪ್ರತಿಭಾ ದಿನ ಏನಾಯಿತು ಅಂತ ಬಂದವರಿಗೆ ಗೊತ್ತು. ಬಾರದವರಿಗಾಗಿ ಹೇಳುತ್ತೇನೆ. ಒಂಬತ್ತನೇ ತರಗತಿಯ ಮೂವರು ಹುಡುಗರು ವೇದಿಕೆಯ ಪಕ್ಕ ಮೇಜು ಹಾಕಿಕೊಂಡು ಕೂತಿದ್ದರು. ಟೀವಿ ಶೋಗಳಲ್ಲಿ ಇರುತ್ತಾರಲ್ಲ, ಹಾಗೆ ನಾವೂ ಜಡ್ಜ್ ಆಗುತ್ತೇವೆ ಅಂತ ಕೇಳಿದ್ದರು, ನಾವು ಒಪ್ಪಿದ್ದೆವು. ಬಜರ್ ಬದಲಿಗೆ ಬಿಸಿಯೂಟದ ಒಂದು ಸ್ಟೀಲ್ ತಟ್ಟೆ, ಒಂದು ಸೌಟು. ಮೊದಲ ನಾಲ್ಕೈದು ಮಕ್ಕಳು ಹಾಡಿ ಇಳಿಯುವವರೆಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಚಿಕ್ಕ ತರಗತಿಯ ಒಂದು ಮಗು ಬಂತು. ಮೈಕ್ ಎತ್ತರದಲ್ಲಿತ್ತು, ಯಾರೂ ಇಳಿಸಲಿಲ್ಲ. ಮಗು ಕತ್ತೆತ್ತಿಕೊಂಡೇ ಹಾಡಿತು. ಮೇಲಿನ ಸ್ವರ ಸಿಗಲಿಲ್ಲ, ಶ್ರುತಿ ತಪ್ಪಿತು. ಸೌಟಿನಿಂದ ತಟ್ಟೆ ಬಾರಿಸಿದರು. "ಕಿವಿಗೆ ಹತ್ತಿ ಕೊಡ್ರಪ್ಪಾ" ಅಂದ ಒಬ್ಬ. ಇನ್ನೊಬ್ಬ ಫೋನಿನಿಂದ ಟೀವಿಯಲ್ಲಿ ಬರುವಂಥದೇ ಒಂದು ತಮಾಷೆ ಸದ್ದು ಹಾಕಿದ. ಶಾಮಿಯಾನದ ಕೆಳಗೆ ಕೂತವರೆಲ್ಲ ನಕ್ಕರು. ಮಗು ನಿಲ್ಲಿಸಲಿಲ್ಲ. ಎರಡನೇ ಚರಣಕ್ಕೂ ಹೋಯಿತು. ಆದರೆ ದನಿ ಬರುತ್ತಿರಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. ಎಡಗೈ ಯೂನಿಫಾರ್ಮಿನ ಅಂಚನ್ನು ಹಿಡಿದು ತಿರುಚುತ್ತಾ ತಿರುಚುತ್ತಾ ಒಂದು ಗಂಟು ಮಾಡಿಬಿಟ್ಟಿತ್ತು.

ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಆ ಕ್ಷಣವೇ ಎದ್ದು ನಿಲ್ಲಿಸಬೇಕಿತ್ತು. ಹಾಡು ಮುಗಿಯಲಿ ಅಂತ ಕಾದೆ. ಅದು ನನ್ನ ತಪ್ಪು. ಮಗುವಿನ ಮನೆಗೆ ಹೋಗಿ ಕ್ಷಮೆ ಕೇಳಿದ್ದೇನೆ, ನಿಮ್ಮೆಲ್ಲರ ಮುಂದೆಯೂ ಕೇಳುತ್ತಿದ್ದೇನೆ. ಮಗುವಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗೊತ್ತಿದ್ದವರೂ ಎಲ್ಲೂ ಹೇಳಬೇಡಿ.

ಆ ಮೂವರು ಹುಡುಗರ ಮನೆಯವರಿಗೂ ಒಂದು ಮಾತು. ನಿಮ್ಮ ಮಕ್ಕಳು ಕೆಟ್ಟವರಲ್ಲ. ಅವರಿಗೆ ಶಿಕ್ಷೆ ಕೊಟ್ಟಿಲ್ಲ, ಪ್ರಾರ್ಥನೆಯಲ್ಲಿ ನಿಲ್ಲಿಸಿ ಬೈದಿಲ್ಲ. ನನ್ನ ಕೊಠಡಿಯಲ್ಲಿ ಕೂರಿಸಿಕೊಂಡು, ಯಾಕ್ರೋ ಹಾಗೆ ಮಾಡಿದಿರಿ ಅಂತ ಕೇಳಿದೆ. "ಟೀವೀಲಿ ಹಾಗೇ ಮಾಡ್ತಾರಲ್ಲ ಮೇಡಂ" ಅಂದರು. ಅವರು ನೋಡಿದ್ದನ್ನು ಅಚ್ಚುಕಟ್ಟಾಗಿ ಮಾಡಿ ತೋರಿಸಿದ್ದರು, ಅಷ್ಟೇ. ಮೇಜು ಕೊಟ್ಟವರು ನಾವು.

ಈಗ ನಿಮ್ಮ ಸಿಟ್ಟಿಗೆ ಕಾರಣವಾದ ವಿಷಯಕ್ಕೆ ಬರುತ್ತೇನೆ. ಈ ವರ್ಷದ ವಾರ್ಷಿಕೋತ್ಸವದಿಂದ ನಮ್ಮ ವೇದಿಕೆಯಲ್ಲಿ ಜಡ್ಜ್ ಮೇಜು ಇರುವುದಿಲ್ಲ. ಹಾಡಿದ, ಕುಣಿದ, ಮಾತಾಡಿದ ಯಾವ ಮಗುವಿನ ಬಗ್ಗೆಯೂ ಮೈಕಿನಲ್ಲಿ ತೀರ್ಪು ಹೇಳುವುದಿಲ್ಲ, ಅಂಕ ಓದುವುದಿಲ್ಲ. ಸ್ಪರ್ಧೆ ಇರುತ್ತದೆ. ಬಹುಮಾನವೂ ಇರುತ್ತದೆ. ಗೆದ್ದವರ ಹೆಸರು ಮರುದಿನ ನೋಟಿಸ್ ಬೋರ್ಡಿನಲ್ಲಿ ಇರುತ್ತದೆ. ಎಲ್ಲಿ ತಪ್ಪಿತು, ಹೇಗೆ ಸರಿ ಮಾಡಿಕೊಳ್ಳಬೇಕು ಎಂಬುದನ್ನು ಸಂಗೀತದ ಟೀಚರ್ ಮಗುವನ್ನು ಪಕ್ಕ ಕೂರಿಸಿಕೊಂಡು ಹೇಳುತ್ತಾರೆ.

ಇದಕ್ಕೆ ನಿಮ್ಮಲ್ಲಿ ತುಂಬಾ ಜನ ಬೇಡ ಅಂದಿದ್ದೀರಿ. ನೀವು ಹೇಳಿದ ಮಾತನ್ನೇ ಬರೆಯುತ್ತೇನೆ: "ಮಕ್ಕಳು ಗಟ್ಟಿ ಆಗಬೇಕು ಮೇಡಂ. ನಾಳೆ ಹೊರಗಡೆ ಯಾರೂ ಮುದ್ದು ಮಾಡಲ್ಲ." ಈ ಮಾತಿನ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ. ನಿಮ್ಮಲ್ಲಿ ಅನೇಕರು ಕಷ್ಟದಲ್ಲಿ ಬೆಳೆದು ಬಂದವರು. ಮಕ್ಕಳು ಸಣ್ಣ ಮಾತಿಗೆ ಕುಸಿದು ಕೂರಬಾರದು ಅನ್ನುವುದು ನನ್ನ ಆಸೆಯೂ ಹೌದು.

ಆದರೆ ತಪ್ಪು ಹೇಳುವುದು ಬೇರೆ, ಮಾನ ಕಳೆಯುವುದು ಬೇರೆ. ನಮ್ಮಲ್ಲಿ ಸೋಲನ್ನು ಯಾರಿಂದಲೂ ಮುಚ್ಚಿಡುವುದಿಲ್ಲ. ಕಬಡ್ಡಿಯಲ್ಲಿ ಔಟಾದ ಮಗು ಗೆರೆ ಆಚೆ ಹೋಗಿ ನಿಲ್ಲುತ್ತದೆ. ಲೆಕ್ಕ ತಪ್ಪಾದರೆ ಕೆಂಪು ಇಂಕಿನ ಗುರುತು ಬೀಳುತ್ತದೆ. ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರಿನಲ್ಲೇ ನಿಂತುಹೋದವರು, ತಾಲ್ಲೂಕಿಗೆ ಹೋಗಿ ವಾಪಸ್ ಬಂದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಅತ್ತಿದ್ದಾರೆ, ಮುಂದಿನ ವರ್ಷ ಮತ್ತೆ ಹೆಸರು ಕೊಟ್ಟಿದ್ದಾರೆ. ಓದುವಾಗ ತಡವರಿಸಿ ಇಡೀ ತರಗತಿಯಿಂದ ನಗಿಸಿಕೊಂಡ ಮಗು ಹಾಗಲ್ಲ. ಅದು ಮಾರನೇ ದಿನ ಕೈ ಎತ್ತುವುದಿಲ್ಲ. ಆ ವಾರ ಪೂರ್ತಿ ಎತ್ತುವುದಿಲ್ಲ. ಇಷ್ಟು ವರ್ಷ ಪಾಠ ಮಾಡಿದ ಮೇಲೆ ಈ ವ್ಯತ್ಯಾಸ ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ.

ಟೀವಿಯಲ್ಲಿ ಅಷ್ಟು ದೊಡ್ಡವರೇ ಮಾಡುತ್ತಾರೆ ಅಂತ ಒಬ್ಬರು ಹೇಳಿದಿರಿ. ಟೀವಿಯಲ್ಲಿ ಅದು ಹೇಗೆ ನಡೆಯುತ್ತದೆ ಅಂತಲೂ ನೋಡಬೇಕಲ್ವಾ. ಅಮೆರಿಕ, ಬ್ರಿಟನ್ನಿನ ದೊಡ್ಡ ಶೋಗಳಲ್ಲಿ ಜಡ್ಜ್‌ಗಳ ಮುಂದೆ ಬರುವ ಮೊದಲೇ ಕಾರ್ಯಕ್ರಮದ ಸಿಬ್ಬಂದಿ ಸ್ಪರ್ಧಿಗಳನ್ನು ಒಂದೆರಡು ಸುತ್ತು ಜರಡಿ ಹಿಡಿದಿರುತ್ತಾರೆ. ಅಂದರೆ ತೀರಾ ಕೆಟ್ಟದಾಗಿ ಹಾಡುವವರು ಅಲ್ಲಿಗೆ ಅಕಸ್ಮಾತ್ತಾಗಿ ಬಂದವರಲ್ಲ. ಗೊತ್ತಿದ್ದೇ ಮುಂದೆ ಕಳಿಸಿದವರು. ಆಮೇಲೆ ಜಡ್ಜ್ ಹುಬ್ಬೇರಿಸಿದ್ದು, ಪ್ರೇಕ್ಷಕರು ಬಾಯಿ ಮುಚ್ಚಿಕೊಂಡು ನಕ್ಕಿದ್ದು, ಹಿಂದೆ ಒಂದು ಸದ್ದು, ಎಲ್ಲವನ್ನೂ ಎಡಿಟಿಂಗ್‌ನಲ್ಲಿ ಕೂಡಿಸುತ್ತಾರೆ. ಮನೆಯಲ್ಲಿ ಕೂತು ನೋಡುವ ಮಗುವಿಗೆ ಇದೊಂದೂ ಗೊತ್ತಾಗುವುದಿಲ್ಲ. ಚೆನ್ನಾಗಿ ಹಾಡದವರನ್ನು ಕಂಡರೆ ನಗಬೇಕು ಅಂತಷ್ಟೇ ಕಲಿಯುತ್ತದೆ.

ಇನ್ನೊಬ್ಬ ಪೋಷಕರು ಸೂಸನ್ ಬಾಯ್ಲ್ ಅವರ ವಿಡಿಯೋ ಕಳಿಸಿದ್ದಾರೆ. 2009ರಲ್ಲಿ "ಬ್ರಿಟನ್ಸ್ ಗಾಟ್ ಟ್ಯಾಲೆಂಟ್" ಎಂಬ ಬ್ರಿಟನ್ನಿನ ಟೀವಿ ಸ್ಪರ್ಧೆಯಲ್ಲಿ ಹಾಡಲು ಬಂದ 47 ವರ್ಷದ ಹೆಂಗಸು. ಸೀದಾ ಸಾದಾ ಬಟ್ಟೆ, ಸೀದಾ ಸಾದಾ ಮಾತು. ಬಾಯಿ ತೆರೆಯುವ ಮೊದಲೇ ಜನ ನಗಲು ಶುರು ಮಾಡಿದರು. ಹಾಡಿದ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ನೋಡಿ, ನಕ್ಕವರ ಬಾಯಿ ಮುಚ್ಚಿಸಿದರಲ್ಲ" ಅಂತ ಆ ಪೋಷಕರು ಬರೆದಿದ್ದಾರೆ. ನಿಜ, ನನಗೂ ಆ ಹಾಡು ಕೇಳಿ ಕಣ್ಣು ತುಂಬಿ ಬಂತು. ಆದರೆ ಅವರು ಚೆನ್ನಾಗಿ ಹಾಡಿದ್ದರಿಂದ ತಾನೇ ಆ ಚಪ್ಪಾಳೆ? ಸುಮಾರಾಗಿ ಹಾಡಿದ್ದರೆ ನಗು ಹಾಗೇ ಉಳಿಯುತ್ತಿತ್ತು. ಫೈನಲ್‌ನಲ್ಲಿ ಎರಡನೆಯವರಾಗಿ ಬಂದ ಮರುದಿನವೇ ಅವರು ಬಳಲಿ ಲಂಡನ್ನಿನಲ್ಲಿ ಆಸ್ಪತ್ರೆ ಸೇರಬೇಕಾಯಿತು. ಆ ಭಾಗ ವಿಡಿಯೋದಲ್ಲಿ ಇಲ್ಲ. ಅದೇ ದೇಶದಲ್ಲಿ ಪ್ರಸಾರವನ್ನು ನಿಯಂತ್ರಿಸುವ ಆಫ್‌ಕಾಂ ಸಂಸ್ಥೆ, ಕಾರ್ಯಕ್ರಮದಲ್ಲಿ ಭಾಗವಹಿಸುವವರ ಕ್ಷೇಮವನ್ನು ಚಾನೆಲ್ಲುಗಳು ನೋಡಿಕೊಳ್ಳಲೇಬೇಕು ಅಂತ 2021ರ ಏಪ್ರಿಲ್‌ನಿಂದ ಹೊಸ ನಿಯಮ ತಂದಿದೆ.

ನಮ್ಮ ದೇಶದ ಒಂದು ಘಟನೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 2008ರಲ್ಲಿ ಕೋಲ್ಕತ್ತಾದ 16 ವರ್ಷದ ಹುಡುಗಿಯೊಬ್ಬಳು ಬಂಗಾಳಿ ಚಾನೆಲ್ಲಿನ ಸ್ಪರ್ಧೆಯಲ್ಲಿ ತೀರ್ಪುಗಾರರ ಕಟು ಮಾತು ಕೇಳಿದಳು. ಅದಾದ ಮೇಲೆ ಕುಗ್ಗುತ್ತಾ ಹೋದಳು, ಮಾತೇ ನಿಂತಿತು ಅಂತ ಮನೆಯವರು ಹೇಳಿದರು. ಕೊನೆಗೆ ಚಿಕಿತ್ಸೆಗೆ ಕರೆತಂದದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ಗೆ. ಕಾಯಿಲೆಗೆ ಕಾರಣ ಏನು ಎಂಬುದು ವೈದ್ಯರ ವಿಷಯ, ಅದರಲ್ಲಿ ನಾನು ತಲೆ ಹಾಕುವುದಿಲ್ಲ. ಆದರೆ ಮಕ್ಕಳ ಜೊತೆ ಹೀಗೆ ಮಾತಾಡಬಹುದೇ ಅಂತ ಆಗ ದೇಶದಲ್ಲಿ ಜೋರು ಚರ್ಚೆ ಆಯಿತು. ಆಮೇಲೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಮಾರ್ಗಸೂಚಿ ತಂದಿತು. ಟೀವಿ ಕಾರ್ಯಕ್ರಮಗಳಲ್ಲಿ ಮಗುವನ್ನು ಗೇಲಿ ಮಾಡಬಾರದು, ಅವಮಾನ ಮಾಡಬಾರದು ಅಂತ ಅದರಲ್ಲಿದೆ. 2017ರ ಬಾಲಕಾರ್ಮಿಕ ನಿಯಮಗಳ ಪ್ರಕಾರ ಮಗುವಿನ ಕೈಲಿ ದಿನಕ್ಕೆ 5 ಗಂಟೆಗಿಂತ ಜಾಸ್ತಿ, ವಿರಾಮ ಇಲ್ಲದೆ 3 ಗಂಟೆಗಿಂತ ಜಾಸ್ತಿ ಶೂಟಿಂಗ್ ಮಾಡಿಸುವಂತಿಲ್ಲ. ನಿಮ್ಮ ಮಕ್ಕಳನ್ನು ಆಡಿಷನ್‌ಗೆ ಕರೆದುಕೊಂಡು ಹೋಗುವವರು ಇದನ್ನು ತಿಳಿದಿರಬೇಕು.

ಟೀವಿಗೆ ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ನಮ್ಮ ಶಾಲೆಯ ಮಗು ಆಯ್ಕೆಯಾದಾಗ ರಜೆ ಕೊಟ್ಟಿದ್ದೇವೆ, ತಪ್ಪಿಹೋದ ಪಾಠವನ್ನು ಸಂಜೆ ಕೂರಿಸಿ ಹೇಳಿಕೊಟ್ಟಿದ್ದೇವೆ. ಒಳ್ಳೆಯದನ್ನು ತೋರಿಸಿಕೊಟ್ಟದ್ದೂ ಟೀವಿಯೇ. "ಎದೆ ತುಂಬಿ ಹಾಡುವೆನು" ಬರುವ ಹೊತ್ತಿಗೆ ಮನೆ ಮಂದಿಯೆಲ್ಲ ಟೀವಿ ಮುಂದೆ ಕೂರುತ್ತಿದ್ದೆವು ಅಲ್ವಾ? ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ತಪ್ಪನ್ನು ಬಿಟ್ಟುಬಿಡುತ್ತಿರಲಿಲ್ಲ. ಶ್ರುತಿ ಎಲ್ಲಿ ಜಾರಿತು, ಉಚ್ಚಾರಣೆ ಎಲ್ಲಿ ಕೆಟ್ಟಿತು ಅಂತ ಹೇಳುತ್ತಿದ್ದರು, ತಪ್ಪಿದ ಸಾಲನ್ನು ತಾವೇ ಹಾಡಿ ತೋರಿಸುತ್ತಿದ್ದರು. ಅಷ್ಟು ದೊಡ್ಡ ಗಾಯಕರ ಬಾಯಿಂದ ತಪ್ಪು ಕೇಳಿಸಿಕೊಂಡ ಮಕ್ಕಳು ತಲೆ ತಗ್ಗಿಸದೆ ನಗುನಗುತ್ತಾ ಇಳಿದು ಹೋಗುತ್ತಿದ್ದರು. ಆ ಮಕ್ಕಳು ಗಟ್ಟಿಯಾಗಲಿಲ್ಲ ಅಂತ ಯಾರಾದರೂ ಹೇಳುತ್ತಾರಾ?

ಹಾಗಾದರೆ ಅದೇ ರೀತಿ ವೇದಿಕೆಯಲ್ಲೇ ಹೇಳಿ ಅಂತ ನೀವು ಕೇಳಬಹುದು. ನಾವೂ ಸಭೆಯಲ್ಲಿ ಇದೇ ಮಾತನ್ನು ಬಹಳ ಹೊತ್ತು ಚರ್ಚಿಸಿದೆವು. ನಮ್ಮ ಟೀಚರ್‌ಗಳಿಗೆ ಒಳ್ಳೆಯ ಮನಸ್ಸಿದೆ. ಆದರೆ ಮುನ್ನೂರು ಜನ ಕೂತಿರುವಾಗ, ಹತ್ತಾರು ಫೋನು ಮೇಲೆ ಎದ್ದಿರುವಾಗ, ಮೆಲ್ಲಗೆ ಹೇಳಿದ ಮಾತೂ ಮಗುವಿನ ಕಿವಿಗೆ ಬೇರೆ ಥರ ಬೀಳುತ್ತದೆ. ಶಾಲೆಗಳಲ್ಲಿ ಮಕ್ಕಳಿಗೆ ಹೊಡೆಯುವುದನ್ನು ಮಾತ್ರವಲ್ಲ, ಮನಸ್ಸಿಗೆ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ತರಗತಿಯಲ್ಲಿ ನಾನು ಆಡಬಾರದ ಮಾತನ್ನು ವೇದಿಕೆಯಲ್ಲಿ ಮನರಂಜನೆ ಅಂತ ಆಡಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಈ ವರ್ಷ ಜಡ್ಜ್ ಮೇಜು ಇಲ್ಲ. ವಾರ್ಷಿಕೋತ್ಸವ ಮುಗಿದ ಮೇಲೆ ಜೂನ್‌ನಲ್ಲಿ ಪೋಷಕರ ಸಭೆ ಕರೆಯುತ್ತೇವೆ, ಹೇಗಾಯಿತು ಅಂತ ಅಲ್ಲಿ ಕೂತು ಮಾತಾಡೋಣ. ನಿಮ್ಮ ಮಗುವಿಗೆ ಎಷ್ಟು ಅಂಕ ಬಂತು, ಯಾಕೆ ಬಂತು ಅಂತ ತಿಳಿಯಬೇಕಿದ್ದರೆ ಯಾವತ್ತು ಬೇಕಾದರೂ ಶಾಲೆಗೆ ಬನ್ನಿ. ಪೂರ್ತಿ ಹಾಳೆ ತೋರಿಸುತ್ತೇವೆ, ಏನನ್ನೂ ಮುಚ್ಚಿಡುವುದಿಲ್ಲ. ಗೆದ್ದ ಮಗುವಿಗೆ ಬಹುಮಾನವನ್ನು ಮಾರನೇ ದಿನದ ಪ್ರಾರ್ಥನೆಯಲ್ಲಿ ಕೊಡುತ್ತೇವೆ. ಆಗ ನೀವೂ ಬಂದು ನಿಲ್ಲಬಹುದು.

ಫೋನಿನ ವಿಷಯ: ಶಾಲೆಯದೇ ಒಂದು ಕ್ಯಾಮೆರಾ ಇರುತ್ತದೆ. ಪ್ರತಿ ಮಗುವಿನ ವಿಡಿಯೋ ಆ ಮಗುವಿನ ಮನೆಗೆ ಮಾತ್ರ ಕಳಿಸುತ್ತೇವೆ.

ನಿಮ್ಮಿಂದ ಬೇಕಾದದ್ದು ಒಂದೇ: ಪ್ರತಿಭಾ ದಿನ ಆ ಮಗು ಹಾಡಿದ ವಿಡಿಯೋ ನಿಮ್ಮ ಫೋನಿನಲ್ಲಿ, ಮಕ್ಕಳ ಫೋನಿನಲ್ಲಿ ಅಥವಾ ಯಾವುದೇ ಗ್ರೂಪಿನಲ್ಲಿ ಇದ್ದರೆ ಇವತ್ತೇ ಅಳಿಸಿ.

ವಾರ್ಷಿಕೋತ್ಸವಕ್ಕೆ ಹೆಸರು ಕೊಡಲು ಮುಂದಿನ ಶುಕ್ರವಾರದವರೆಗೆ ಸಮಯ ಇದೆ. ಆ ಮಗು ಮೊನ್ನೆ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಿತ್ತು. ಈ ಸಲ ಹಾಡಲ್ಲ, ಪರದೆ ಎಳೆಯುವ ಕೆಲಸ ಕೊಡಿ ಅಂತ ಕೇಳಿತು. ಕೊಟ್ಟಿದ್ದೇವೆ. ಸಂಗೀತದ ಟೀಚರ್ ಹಾಡುವವರ ಪಟ್ಟಿಯಲ್ಲಿ ಆರನೇ ನಂಬರಿನ ಮುಂದೆ ಜಾಗ ಖಾಲಿ ಬಿಟ್ಟಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ