ಅಡುಗೆಮನೆಯ ಹೊಗೆ

ದಾವಣಗೆರೆ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದ.

ಮೊನ್ನೆ ಹೊಳಲ್ಕೆರೆಗೆ ಬಂದಾಗ ಜಗಲಿ ಮೇಲೆ ನೀನೂ ನಿಮ್ಮಪ್ಪನೂ ಮಾತಾಡಿದ್ದು ಕೇಳಿಸಿಕೊಂಡೆ. ಮೂರನೇ ಬೋರ್ ಬೇಡ, ಆ ದುಡ್ಡಲ್ಲಿ ಕೃಷಿ ಹೊಂಡ ತೆಗೆಸೋಣ ಅಂತ ನೀನು ಅಂದೆ. ನೀನು ಹೇಳಿದ್ದು ಸರಿ. ನಿನ್ನ ಒಂದು ಮಾತಿಗೂ ಭಾವನ ಹತ್ತಿರ ಉತ್ತರ ಇರಲಿಲ್ಲ. ಆದರೂ ಟವೆಲ್ ಕೊಡವಿಕೊಂಡು ಎದ್ದು ತೋಟಕ್ಕೆ ಹೋದರು. ಬೆಳಗ್ಗೆ ಬೋರ್ ಗಾಡಿಯವನಿಗೆ ಫೋನ್ ಮಾಡಿದರಂತೆ. ನೀನು ಅವರ ಬಾಯಿ ಮುಚ್ಚಿಸಿದೆ, ಒಪ್ಪಿಸಲಿಲ್ಲ.

ನಾನು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾಗ ಮೆಕ್ಕೆಜೋಳದ ಸೀಸನ್‌ನಲ್ಲಿ ದಿನಾ ಜಗಳ. "ತೇವ ಜಾಸ್ತಿ ಇದೆ, ರೇಟು ಕಮ್ಮಿ" ಅಂತ ನಾನು ಅಂದರೆ ರೈತರು ಚೀಲ ಕಟ್ಟಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ನಮ್ಮ ಸಾಹುಕಾರರು ಹಾಗೆ ಅನ್ನುತ್ತಲೇ ಇರಲಿಲ್ಲ. ಚೀಲದ ತಳಕ್ಕೆ ಕೈ ಹಾಕಿ ನಾಲ್ಕು ಕಾಳು ತೆಗೆದು ರೈತನ ಅಂಗೈಗೇ ಹಾಕುತ್ತಿದ್ದರು. "ನೀವೇ ಕಡಿದು ನೋಡಿ ಯಜಮಾನ್ರೆ." ಒಣಗಿದ ಕಾಳು ಹಲ್ಲಿಗೆ ಕಟ್ ಅನ್ನಬೇಕು. ಇದು ಮೆತ್ತಗೆ ಚಪ್ಪಟೆಯಾಗುತ್ತಿತ್ತು. "ಇನ್ನೆರಡು ಬಿಸಿಲು ಬೇಕಿತ್ತು" ಅಂತ ರೈತನೇ ಹೇಳುತ್ತಿದ್ದ. ಗ್ರೀಸಿನ ತತ್ವಜ್ಞಾನಿ ಅರಿಸ್ಟಾಟಲ್ 2300 ವರ್ಷಗಳ ಹಿಂದೆಯೇ ಹೇಳಿದ್ದು ಹೆಚ್ಚುಕಮ್ಮಿ ಇದನ್ನೇ. ಕೇಳುವವನಿಗೆ ಗೊತ್ತಿರುವುದನ್ನು ನೀನು ಹೇಳಬೇಕಾಗಿಲ್ಲ, ಅದನ್ನು ಅವನೇ ಸೇರಿಸಿಕೊಳ್ಳುತ್ತಾನೆ.

ನಮ್ಮ ಹಳೇ ನ್ಯಾಯಶಾಸ್ತ್ರದವರು, ಅಂದರೆ ತರ್ಕದ ಪಂಡಿತರು, ವಾದಕ್ಕೆ 5 ಮೆಟ್ಟಿಲು ಕಟ್ಟಿದ್ದಾರೆ. ಬೆಟ್ಟದಲ್ಲಿ ಬೆಂಕಿ ಇದೆ, ಇದು ಪ್ರತಿಜ್ಞೆ. ಯಾಕೆಂದರೆ ಹೊಗೆ ಕಾಣುತ್ತಿದೆ, ಇದು ಹೇತು. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇದ್ದ ಹಾಗೆ, ಇದು ಉದಾಹರಣೆ. ಆಮೇಲೆ ಅದನ್ನು ಈ ಬೆಟ್ಟಕ್ಕೆ ಹೊಂದಿಸುವುದು ಉಪನಯ, ಆದ್ದರಿಂದ ಬೆಂಕಿ ಇದೆ ಅಂತ ಮುಗಿಸುವುದು ನಿಗಮನ. ನನಗೆ ತುಂಬಾ ಹಿಡಿಸಿದ್ದು ಆ ಅಡುಗೆಮನೆ. ಬೆಟ್ಟ ದೂರ ಇದೆ, ಒಲೆ ಮಾತ್ರ ಕೇಳುವವನ ಮನೆಯಲ್ಲೇ ಇದೆ. ನೀನು ನೀರು ಉಳಿಸುವ ಮಾತಿಗೆ ಇಸ್ರೇಲ್ ಉದಾಹರಣೆ ಕೊಟ್ಟೆ. ಭಾವ ಇಸ್ರೇಲ್ ಎಲ್ಲಿ ನೋಡಿದ್ದಾರೆ? ಬತ್ತಿದ ಎರಡನೇ ಬೋರಿನ ಕೇಸಿಂಗ್ ಪೈಪಿನ ಮೇಲೆ ಕಲ್ಲು ಮುಚ್ಚಿಟ್ಟಿದ್ದಾರಲ್ಲ, ಅದನ್ನು ದಿನಾ ನೋಡುತ್ತಾರೆ.

ಲೆಕ್ಕವೂ ಹಾಗೇ. ಒಂದು ಎಕರೆ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು. ಅದನ್ನು ಟ್ಯಾಂಕರ್ ಲೆಕ್ಕದಲ್ಲಿ ಹೇಳು. ಹೋದ ಬೇಸಿಗೆ ಟ್ಯಾಂಕರ್‌ಗೆ ಕೊಟ್ಟ ದುಡ್ಡು ಅವರು ಮರೆತಿಲ್ಲ. ಅಷ್ಟೂ ನೀರು ಹೊಂಡಕ್ಕೆ ಬರಲ್ಲ, ಅರ್ಧ ನೆಲ ಕುಡಿಯಬಹುದು ಅನ್ನೋದನ್ನೂ ನೀನೇ ಮೊದಲು ಹೇಳಿಬಿಡು. ಅವರು ಕಂಡುಹಿಡಿದು ಕೇಳುವ ತನಕ ಕಾಯಬೇಡ.

ಇನ್ನೊಂದು, ಇದೇ ನನಗೆ ಜಾಸ್ತಿ ಮುಖ್ಯ. ಹಳಬರು ತಮ್ಮ ಸಿದ್ಧಾಂತಕ್ಕೆ ಮುಂಚೆ ಪೂರ್ವಪಕ್ಷ ಹೇಳುತ್ತಿದ್ದರು. ಎದುರಿನವನ ಮಾತನ್ನು ಅವನಷ್ಟೇ ಗಟ್ಟಿಯಾಗಿ ಹೇಳಬೇಕಿತ್ತು. ನೀನು ಭಾವನ ಪಕ್ಷ ಹೇಳಲೇ ಇಲ್ಲ. ಅವರಿಗಿರುವುದು ಹಟವಲ್ಲ ಮಗಾ, ಭಯ. ಹೊಂಡಕ್ಕೆ ಜಾಗ ಬೇಕು, ಫಲ ಬಿಡುವ ಅಡಿಕೆ ಮರ ಕಡಿಯಬೇಕು. ಮಳೆ ಕೈಕೊಟ್ಟರೆ ಹೊಂಡವೂ ಖಾಲಿ, ತೋಟವೂ ಒಣಗುತ್ತೆ. ಇದನ್ನು ಅವರ ಮುಂದೆ ನೀನೇ ಹೇಳು. "ಹೌದು ಕಣೋ, ಅದೇ ನನ್ನ ಚಿಂತೆ" ಅಂತ ಅವರ ಬಾಯಲ್ಲಿ ಬರುವವರೆಗೂ ಹೊಂಡದ ಸುದ್ದಿ ಎತ್ತಬೇಡ.

ಮಾತು ಜಗಲಿ ಮೇಲೆ ಬೇಡ, ನೆಂಟರ ಎದುರಂತೂ ಬೇಡವೇ ಬೇಡ. ತ್ರೀ ಫೇಸ್ ಕರೆಂಟ್ ಬರುವ ಹೊತ್ತಿಗೆ ಅವರ ಜೊತೆ ಮೋಟರ್ ಹತ್ತಿರ ಹೋಗು. ಡ್ರಿಪ್ ಪೈಪ್ ಕಟ್ಟಿಕೊಂಡಿದ್ದರೆ ಬಿಡಿಸಿ ಕೊಡು. ಜೋರು ಮಳೆಯಲ್ಲಿ ನೀರು ತೋಟದ ಯಾವ ಮೂಲೆಗೆ ಹರಿದು ಹೋಗುತ್ತೆ ಅಂತ ಕೇಳು. ಅದು ನಿನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಕೈ ತೋರಿಸುತ್ತಾರೆ. ಆ ಮೂಲೆಯವರೆಗೂ ಇಬ್ಬರೂ ನಡೆದುಕೊಂಡು ಹೋಗಿ.

ಬೋರ್ ಗಾಡಿ ಬರುವುದು ಸೋಮವಾರವಂತೆ. ಇನ್ನೂ ನಾಲ್ಕು ಬೆಳಗು ಇವೆ.

ಇಂತಿ,
ನಿನ್ನ ಮಾವ