ಮೊದಲ ಡ್ರಾಫ್ಟ್ ನೀನೇ ಬರಿ

ಪ್ರೀತಿಯ ತಮ್ಮ,

ನೀನು ಕಳಿಸಿದ ಸಿನಿಮಾ ಸ್ಕ್ರಿಪ್ಟಿನ ಎರಡೂ ಡ್ರಾಫ್ಟ್ ಓದಿದೆ, ನೀನೇ ಬರೆದದ್ದು, ಎಐ ಕೈಲಿ ಬರೆಸಿದ್ದು. ಮಗಳು ಮನೆ ಬಿಟ್ಟು ಹೊರಡುವ ಸೀನನ್ನೇ ತಗೋ. ಎಐ ಬರೆದುಕೊಟ್ಟಿದ್ದರಲ್ಲಿ ಅಪ್ಪ, "ನಿನ್ನನ್ನು ಕಳೆದುಕೊಳ್ಳುವ ಭಯ ನನ್ನನ್ನು ಕಾಡುತ್ತಿದೆ ಮಗಳೇ" ಅನ್ನುತ್ತಾನೆ. ನೀನು ಮೊದಲು ಬರೆದಿದ್ದರಲ್ಲಿ ಅದೇ ಅಪ್ಪ, "ಚಾರ್ಜರ್ ಇಟ್ಕೊಂಡ್ಯಾ?" ಅಂತ ಕೇಳುತ್ತಾನೆ. ಅವಳು ಹೂಂ ಅಂದಮೇಲೂ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳುತ್ತಾನೆ. ಆ ಎರಡನೇ ಸಲ ಕೇಳಿದ್ದರಲ್ಲೇ ಇಡೀ ಸೀನ್ ಇದೆ. ನಟನಿಗೆ ಅಲ್ಲಿ ಮಾಡಲು ಕೆಲಸವಿದೆ, ಕ್ಯಾಮೆರಾಗೆ ನೋಡಲು ಮುಖವಿದೆ. ಅದನ್ನು ಹೊಡೆದುಹಾಕಿ ಇನ್ನೊಂದನ್ನು ಇಟ್ಟುಕೊಂಡೆಯಲ್ಲ, ಅದಕ್ಕೇ ಈ ಕಾಗದ.

ಈ ತಂತ್ರಾಂಶಗಳು ರಾಶಿ ರಾಶಿ ಬರಹ ಓದಿಕೊಂಡು, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಅಂತ ಲೆಕ್ಕ ಹಾಕುತ್ತವೆ. ಹಾಗಾಗಿ ಪಾತ್ರಗಳು ಸಾವಿರ ಸಲ ಕೇಳಿದ ಮಾತನ್ನೇ ಆಡುತ್ತವೆ, ಮನಸ್ಸಿನಲ್ಲಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳಿಬಿಡುತ್ತವೆ. ಬಳಸಲೇಬೇಡ ಅಂತ ನಾನು ಹೇಳುತ್ತಿಲ್ಲ. ಸಿನಾಪ್ಸಿಸ್, ಅಂದರೆ ಕಥೆಯ ಸಾರಾಂಶ, ಚಿಕ್ಕದು ಮಾಡಲು, ಶಾಟ್‌ಗಳನ್ನು ಚಿತ್ರದಲ್ಲಿ ತೋರಿಸುವ ಸ್ಟೋರಿಬೋರ್ಡ್‌ಗೆ ಒರಟು ಚಿತ್ರ ತೆಗೆಯಲು ಬಳಸು. ಆದರೆ ಮೊದಲ ಡ್ರಾಫ್ಟ್ ನೀನೇ ಬರಿ. ಕೆಟ್ಟದಾಗಿ ಬಂದರೂ ನೀನೇ ಬರಿ. ಒಂದು ಪಾತ್ರ ಏನನ್ನು ಹೇಳದೆ ಉಳಿಸಿಕೊಳ್ಳುತ್ತದೆ ಅನ್ನುವುದು ಗೊತ್ತಾಗುವುದು ಆ ಪೇಚಾಟದಲ್ಲೇ.

ಇನ್ನು ದುಡ್ಡು ಮತ್ತು ಹೆಸರಿನ ಮಾತು. "ಎಐ ಡ್ರಾಫ್ಟ್ ರೆಡಿ ಇದೆ, ಸ್ವಲ್ಪ ಪಾಲಿಶ್ ಮಾಡಿಕೊಡು" ಅಂತ ಯಾರಾದರೂ ಕರೆದರೆ ಹುಷಾರಾಗಿರು. ಅಂಥ ಡ್ರಾಫ್ಟನ್ನು ಬುಡದಿಂದ ಬರೆಯಬೇಕಾಗುತ್ತದೆ, ಸಂಭಾವನೆ ಮಾತ್ರ ತಿದ್ದುಪಡಿಯದ್ದು. ಅಮೆರಿಕದ ಸಿನಿಮಾ, ಟಿವಿ ಬರಹಗಾರರ ಸಂಘ ರೈಟರ್ಸ್ ಗಿಲ್ಡ್ 2023ರಲ್ಲಿ 148 ದಿನ ಮುಷ್ಕರ ಹೂಡಿದಾಗ ಇದೂ ಒಂದು ದೊಡ್ಡ ಪ್ರಶ್ನೆಯಾಗಿತ್ತು. ಕೊನೆಗೆ ಅವರು ಪಡೆದ ಒಪ್ಪಂದವನ್ನು ನೀನು ಓದಲೇಬೇಕು. ಎಐ ಬರೆದದ್ದನ್ನು ಮೂಲಕೃತಿ ಅಂತ ತೋರಿಸಿ ಬರಹಗಾರನ ಕ್ರೆಡಿಟ್ ಕಡಿಮೆ ಮಾಡುವಂತಿಲ್ಲ. ಎಐ ಬಳಸಲೇಬೇಕು ಅಂತ ಕಂಪನಿ ಬಲವಂತ ಮಾಡುವಂತಿಲ್ಲ. ಕೈಗೆ ಕೊಡುವ ಸಾಮಗ್ರಿಯಲ್ಲಿ ಎಐ ಬರೆದದ್ದಿದ್ದರೆ ಮೊದಲೇ ತಿಳಿಸಬೇಕು. ಒಗ್ಗಟ್ಟಿನಿಂದ ಕೂತು ಗೆದ್ದದ್ದು ಇದು, ಯಾರೂ ದಾನವಾಗಿ ಕೊಟ್ಟದ್ದಲ್ಲ. ಎಐಗೆ ಬರೀ ಪ್ರಾಂಪ್ಟ್ (ಇಂಥದ್ದು ಬರಿ ಅನ್ನುವ ಸೂಚನೆ) ಕೊಟ್ಟು ತೆಗೆಸಿದ್ದಕ್ಕೆ ಹಕ್ಕುಸ್ವಾಮ್ಯ ಸಿಗುವುದಿಲ್ಲ ಅಂತ ಅಮೆರಿಕದ ಕಾಪಿರೈಟ್ ಕಚೇರಿಯೂ 2025ರ ಜನವರಿಯ ವರದಿಯಲ್ಲಿ ಹೇಳಿದೆ. ನೀನು ಕೈಯಾರೆ ಬರೆದ ಡ್ರಾಫ್ಟಿಗೆ ಬೆಲೆ ಎಷ್ಟು ಅಂತ ಇದರಿಂದಲೇ ಲೆಕ್ಕ ಹಾಕು.

ನಿರ್ದೇಶಕರ ಪಾಡೂ ಬೇರೆಯಲ್ಲ. ಹಿಂದಿ ಚಿತ್ರ 'ರಾಂಝಣಾ' 2013ರಲ್ಲಿ ಬಂದಾಗ ನಾಯಕ ಕೊನೆಗೆ ಸಾಯುತ್ತಿದ್ದ. 2025ರಲ್ಲಿ ಅದರ ತಮಿಳು ಆವೃತ್ತಿಯನ್ನು ಮತ್ತೆ ಬಿಡುಗಡೆ ಮಾಡಿದವರು ಎಐ ಬಳಸಿ ಅವನನ್ನು ಬದುಕಿಸಿಬಿಟ್ಟರು. ನಿರ್ದೇಶಕ ಆನಂದ್ ಎಲ್. ರೈ, ನಟ ಧನುಷ್ ಇಬ್ಬರೂ ಬಹಿರಂಗವಾಗಿ ವಿರೋಧಿಸಿದರು, ಆದರೂ ಚಿತ್ರ ತೆರೆಗೆ ಬಂತು. ಒಂದು ಸಾವನ್ನು ಬರೆಯಲು ಬರಹಗಾರ ಎಷ್ಟು ರಾತ್ರಿ ಒದ್ದಾಡಿರುತ್ತಾನೆ ಅಂತ ನಿನಗೆ ಗೊತ್ತು. ನನಗೆ ಆ ಸುದ್ದಿ ಓದಿ ಹೊಟ್ಟೆ ಉರಿಯಿತು.

ನನ್ನ ನಿಜವಾದ ಚಿಂತೆ ನಿನ್ನ ವಯಸ್ಸಿನವರದು. ಸಿನಾಪ್ಸಿಸ್ ಬರೆಯುವುದು, ಬಂದ ಸ್ಕ್ರಿಪ್ಟ್ ಓದಿ ಟಿಪ್ಪಣಿ ಮಾಡುವುದು, ಡೈಲಾಗ್ ತಿದ್ದುವುದು, ನಾವೆಲ್ಲ ಕಲಿತದ್ದು ಇಂಥ ಸಣ್ಣಪುಟ್ಟ ಕೆಲಸಗಳಲ್ಲೇ. ಯಂತ್ರ ಮೊದಲು ಕೈ ಹಾಕುತ್ತಿರುವುದೂ ಅವಕ್ಕೇ. ಅದಕ್ಕೇ ಯಾರೂ ಕೆಲಸ ಕೊಡದಿದ್ದರೂ ಬೇರೆಯವರ ಸ್ಕ್ರಿಪ್ಟ್ ಓದು, ಟಿಪ್ಪಣಿ ಬರಿ, ಗೆಳೆಯರ ಜೊತೆ ಕೂತು ಜಗಳವಾಡು.

ಆ ನಿರ್ಮಾಪಕರ ಅಗ್ರಿಮೆಂಟ್‌ಗೆ ಇನ್ನೂ ಸಹಿ ಹಾಕಬೇಡ, ನನಗೆ ಕಳಿಸು. ನಿನ್ನ ಸ್ಕ್ರಿಪ್ಟನ್ನು ಎಐ ತರಬೇತಿಗೆ ಬಳಸುವ ಬಗ್ಗೆ, ನಿನ್ನನ್ನು ಕೇಳದೆ ಕಥೆ ಬದಲಿಸುವ ಬಗ್ಗೆ ಅದರಲ್ಲಿ ಏನಿದೆ ಅಂತ ಇಬ್ಬರೂ ಕೂತು ನೋಡೋಣ. ಅಷ್ಟರಲ್ಲಿ ಚಾರ್ಜರ್ ಸೀನನ್ನು ವಾಪಸ್ ಹಾಕಿ ಸೆಕೆಂಡ್ ಹಾಫ್ ಮುಂದುವರಿಸು.

ಪ್ರೀತಿಯಿಂದ,
ನಿನ್ನಣ್ಣ